ತಾಲ್ಲೂಕಿಗೊಂದು ಕಾಲಂ

ನಮ್ಮ ಜಿಲ್ಲೆಯಲ್ಲಿ ನಾಲ್ವರು ಸೇರಿದರೆ ಐದು ಪಕ್ಷವಾಗುವುದು ಹೊಸತೇನಲ್ಲ. ಊರೂರಿನ ಶಾಸನಗಳಿಗೆ ಒಂದು ಜಾಲತಾಣ ಮಾಡೋಣವೆಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೆಲವು ಹವ್ಯಾಸಿಗಳು ಸೇರಿದೆವು. ಬಹುತೇಕ ಎಲ್ಲರೂ ನಿವೃತ್ತ ಮೇಷ್ಟ್ರುಗಳು. ಹೇಳಲು ಎಲ್ಲರಿಗೂ ಪುರಸೊತ್ತಿತ್ತು, ಕೇಳಲು ಯಾರಿಗೂ ಇರಲಿಲ್ಲ.

ಜಾಲತಾಣ ಕಟ್ಟಲು ನಾವು ಹಿಡಿದ ವರ್ಡ್‌ಪ್ರೆಸ್ಸಿನಲ್ಲಿ ಕಸ್ಟಮ್ ಫೀಲ್ಡ್ ಎಂಬುದೊಂದಿದೆ. ತಲೆಬರಹ, ಒಡಲು ಇಷ್ಟೇ ಸಾಲದು ಅನ್ನಿಸಿದರೆ ದಾನಿ, ಕಾಲ, ಲಿಪಿಕಾರ ಎಂದು ಬೇಕಾದ ಕಾಲಂಗಳನ್ನು ನಾವೇ ಸೇರಿಸಿಕೊಳ್ಳಬಹುದು. ಪಹಣಿಯ 11ನೇ ಕಾಲಂ ನೋಡದೆ ಜಮೀನು ಕೊಳ್ಳದ ನಮ್ಮ ಜನಕ್ಕೆ ಕಾಲಂ ಮಹಿಮೆಯನ್ನು ವಿವರಿಸಬೇಕಿಲ್ಲ. ತಕರಾರು ಹುಟ್ಟಿದ್ದು ಅವು ಯಾರ ಸುಪರ್ದಿಯಲ್ಲಿರಬೇಕು ಎಂಬುದಕ್ಕೆ.

"ನಮ್ಮ ತಾಲ್ಲೂಕಿಂದು ನಮಗೆ ಬೇರೆ ಇರ್ಲಿ ಸಾರ್" ಎಂದರು ಚನ್ನರಾಯಪಟ್ಟಣದವರು. ಶ್ರವಣಬೆಳಗೊಳ ಅವರ ಪಾಲಿಗಿರುವುದರಿಂದ ಉಪವಾಸವಿದ್ದು ದೇಹ ಬಿಡುವ ಜೈನರ ಸಲ್ಲೇಖನಕ್ಕೊಂದು ಕಾಲಂ ಬೇಕೇ ಬೇಕು. ಅರಕಲಗೂಡಿನವರು ರಾಮನಾಥಪುರವನ್ನು ಮುಂದಿಟ್ಟು ಕಾವೇರಿಗೊಂದು ಕಾಲಂ ಕೇಳಿದರು. ಊರ ಹೆಸರಲ್ಲೇ ಹೊಳೆ ಇರುವವರು ಬಿಟ್ಟಾರೆಯೇ? ಹೇಮಾವತಿಗೆ ಪ್ರತ್ಯೇಕ ಕಾಲಂ ಬಂತು. ಹಾಸನದವರು ಜಿಲ್ಲಾ ಕೇಂದ್ರದವರಾದ್ದರಿಂದ ಎಲ್ಲವನ್ನೂ ಕೇಳಿದರು.

ಕೊನೆಗೆ ದಾನಿಯೊಬ್ಬನಿಗೇ ನಾಲ್ಕು ಕಾಲಂ ಆಯಿತು. 1246ರಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ ಕಟ್ಟಿಸಿದ ಬೊಮ್ಮಣ್ಣ ದಂಡನಾಯಕ ಚನ್ನರಾಯಪಟ್ಟಣದ ದಾನಿ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ವರ್ತಕ ಕುಲ್ಲಹಣ ರಾಹುತ ಹಾಸನದ ದಾನಿ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಕೇಳಿದರೆ ಕಂಪ್ಯೂಟರು ಒಬ್ಬನನ್ನು ತೋರಿಸಿ ಸುಮ್ಮನಾಗುತ್ತಿತ್ತು. ಸಾಲದ್ದಕ್ಕೆ ಯಾರೋ 'ದಾನಿ', 'ದಾನದ ವಸ್ತು' ಎರಡನ್ನೂ ಕಡ್ಡಾಯ ಮಾಡಿದ್ದರು. ವೀರಗಲ್ಲಿಗೆ ದಾನಿಯನ್ನು ಎಲ್ಲಿಂದ ತರುವುದು? ತುರು ಕಾಯಲು ಹೋಗಿ ಸತ್ತವನ ಕಲ್ಲು ಅದು. ಎಷ್ಟು ಒತ್ತಿದರೂ ಸೇವ್ ಆಗದೆ ರೇಗಿದ ಅರಕಲಗೂಡಿನ ಮಿತ್ರರು ದಾನಿಯ ಕಾಲಮ್ಮಿನಲ್ಲಿ ಸತ್ತವನ ಹೆಸರು ಹಾಕಿ, ದಾನದ ವಸ್ತು 'ಪ್ರಾಣ' ಎಂದು ತುಂಬಿದರು. ಸೇವ್ ಆಯಿತು.

ಕಾಲದ ಕಾಲಂ ಇನ್ನೂ ತಮಾಷೆ. ವರ್ಡ್‌ಪ್ರೆಸ್ ಇವನ್ನೆಲ್ಲ ಬರೀ ಅಕ್ಷರಗಳೆಂದೇ ಇಟ್ಟುಕೊಳ್ಳುತ್ತದೆ. ಇದು ಅಂಕಿ ಎಂದು ಬಿಡಿಸಿ ಹೇಳದಿದ್ದರೆ ಎಡಗಡೆಯ ಮೊದಲ ಅಕ್ಷರ ನೋಡಿ ಸಾಲು ನಿಲ್ಲಿಸುತ್ತದೆ. ಪಕ್ಕದ ಬೇಲೂರಿಂದ ಎರವಲು ತಂದ, ಸುಮಾರು 450ರ ಹಲ್ಮಿಡಿ ಶಾಸನ 1246ರ ನುಗ್ಗೇಹಳ್ಳಿಯ ಬೆನ್ನ ಹಿಂದೆ ಹೋಗಿ ನಿಂತಿತು.

ತಾಲ್ಲೂಕುವಾರು ಹಂಚುವ ಚಾಳಿಯನ್ನು ನಾವು ಕಂಡುಹಿಡಿದದ್ದಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನಮಾಲೆಯ ಹಾಸನ ಸಂಪುಟವನ್ನು 1902ರಲ್ಲಿ ಹಾಗೆಯೇ ತಂದರು: ಮೊದಲು ತಾಲ್ಲೂಕು, ಅದರೊಳಗೆ ನಂಬರು. ಅಚ್ಚಿನ ಪುಸ್ತಕಕ್ಕೆ ಅದೇ ಸರಿ. ಒಂದು ಹಾಳೆಯನ್ನು ಎರಡು ಕಡೆ ಹೊಲಿಯಲಾಗದು. ಆದರೆ ನಾವು ಹಾಗೇ ಎತ್ತಿಕೊಂಡ ಅವರ ಇಂಗ್ಲಿಷ್ ತಾಲ್ಲೂಕು ಸಂಕೇತದಲ್ಲಿ ಹಾಸನಕ್ಕೆ ದೊಡ್ಡ ಎಚ್, ಸಣ್ಣ ಎನ್. ಹೊಳೆನರಸೀಪುರಕ್ಕೆ ಎರಡೂ ದೊಡ್ಡವು. ವರ್ಡ್‌ಪ್ರೆಸ್ಸಿನ ಬೆನ್ನಿಗಿರುವ ದತ್ತಕೋಶ ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಮಾಡುವುದಿಲ್ಲ. ಹೀಗಾಗಿ ಯಾವ ರಾಜಕಾರಣಿಯಿಂದಲೂ ಆಗದ ಕೆಲಸ ಒಂದು ಕ್ಲಿಕ್ಕಿಗೆ ಆಯಿತು: ಹಾಸನ, ಹೊಳೆನರಸೀಪುರ ಒಂದಾದವು! ಇನ್ನು ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ನಂಬರುಗಳೇ ಬೇರೆ. ರೈಸರ ಮಂಜರಾಬಾದ್ ಈಗ ಸಕಲೇಶಪುರ.

ಕಂಪ್ಯೂಟರ್ ಕೆಲಸಕ್ಕೆ ಸಿಕ್ಕಿದ್ದ ಮಿತ್ರರ ಮಗಳು ಒಂದು ದಿನ ತಾಳ್ಮೆಗೆಟ್ಟು ಕೇಳಿದಳು: "ಮೇಷ್ಟ್ರೇ, ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣ ಸೇರಿದ ತಕ್ಷಣ ದಾನಿ ಬೇರೆ ಜಾತಿ ಆಗ್ತಾನಾ?" ಅವಳೇ ಎಲ್ಲವನ್ನೂ ಕಿತ್ತು ಹೊಸದಾಗಿ ಜೋಡಿಸಿದಳು. ದಾನಿಗೆ ಒಂದೇ ಕಾಲಂ, ನಾಲ್ಕೂ ಕಡೆಯವರಿಗೆ ಅದೇ. ಗುಂಪು ಮಾಡುವುದು ಕಲ್ಲಿನ ಬಗೆ ನೋಡಿ: ದಾನಶಾಸನ, ವೀರಗಲ್ಲು, ಸಲ್ಲೇಖನದಲ್ಲಿ ಮಡಿದವರ ನಿಸಿದಿ. ನದಿ ಒಂದೇ ಕಾಲಂ, ಕಾವೇರಿಯೋ ಹೇಮಾವತಿಯೋ ಆರಿಸಿಕೊಳ್ಳಿ. ರೈಸರ ನಂಬರಿಗೊಂದು, ಹೊಸ ನಂಬರಿಗೊಂದು. ದಾನ ಕದ್ದವನು 60,000 ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಶಾಸನದ ಶಾಪಕ್ಕೆ ಟಿಕ್ ಹಾಕಿದರೆ ಸಾಕು. ತಾಲ್ಲೂಕು ಈ ಸಾಲಿನಲ್ಲಿ ಹತ್ತರೊಳಗೆ ಹನ್ನೊಂದು. ಇಷ್ಟು ಕೆಳಗಿಳಿಸಿದ್ದಕ್ಕೆ ಹಾಸನದವರು ಮುನಿಸಿಕೊಂಡಿದ್ದರು. ವಡೆ, ಕಾಫಿ ಇದೆಯೆಂದು ತಿಳಿದ ಮೇಲೆ ಸಭೆಗೆ ಬಂದರು.

ನಿಮ್ಮ ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ವೀರಗಲ್ಲು ಕಂಡರೆ ದಯವಿಟ್ಟು ಫೋಟೊ ತೆಗೆದಿಡಿ. ಸುಣ್ಣ ಬಳಿಯಬೇಡಿ, ಉಜ್ಜಲೂಬೇಡಿ. ದಾನಿಯ ಹೆಸರು ಈಗ ಕಡ್ಡಾಯವಲ್ಲ.