ಕೀಟೋಚ್ಚಾಟನ ಮೀಮಾಂಸೆ: ನೌಪಾಡಾ ಪ್ರಕರಣ

ಗೃಹಪ್ರವೇಶಕ್ಕೆ ತಿಥಿ ವಾರ ನಕ್ಷತ್ರಗಳನ್ನು ನೋಡಿ, ಪುರೋಹಿತರನ್ನು ಕರೆಸಿ, ಹಾಲುಕ್ಕಿಸಿ ಒಳಗೆ ಹೋಗುವವನು ಮನುಷ್ಯನೊಬ್ಬನೇ; ಮಿಕ್ಕ ಜೀವಿಗಳೆಲ್ಲವೂ ರಾಹುಕಾಲವನ್ನು ಲೆಕ್ಕಿಸದೆ, ಯಾರ ಆಮಂತ್ರಣಕ್ಕೂ ಕಾಯದೆ, ಬಹುಮಟ್ಟಿಗೆ ನಮಗಿಂತ ಮೊದಲೇ ಬಂದು ನೆಲಸಿರುತ್ತವೆ. ಹೀಗಿದ್ದೂ ನಮ್ಮ ವಾಸ್ತುಶಾಸ್ತ್ರಜ್ಞರು ಒಲೆಯು ಆಗ್ನೇಯದಲ್ಲಿರಬೇಕೆಂದು ವಿಧಿಸಿದರೇ ಹೊರತು ಆ ಒಲೆಯ ಹಿಂದೆ ಯಾರಿರಬಹುದೆಂದು ವಿಚಾರಿಸಲಿಲ್ಲ. ಪಂಚಾಂಗಕರ್ತರು ಹಲ್ಲಿ ಯಾವ ಅಂಗದ ಮೇಲೆ ಬಿದ್ದರೆ ಯಾವ ಫಲವೆಂಬುದನ್ನು ಶಿರಸ್ಸಿನಿಂದ ಪಾದದವರೆಗೆ ಪಟ್ಟಿ ಮಾಡಿ ವರ್ಷವರ್ಷವೂ ಅಚ್ಚು ಹಾಕಿಸುತ್ತಾರೆ. ಜಿರಲೆಯು ಹಾರಿ ಬಂದು ಕುತ್ತಿಗೆಯ ಮೇಲೆ ಕುಳಿತರೆ ಧನಲಾಭವೋ ಬಂಧುವಿಯೋಗವೋ ಎಂಬ, ನಿತ್ಯಜೀವನದಲ್ಲಿ ಅದಕ್ಕಿಂತ ಹೆಚ್ಚು ಪ್ರಸಕ್ತವಾದ ಪ್ರಶ್ನೆಯನ್ನು ಕುರಿತು ಅವರೆಲ್ಲರೂ ಮೌನವನ್ನು ತಾಳಿದ್ದಾರೆ. ಶಾಸ್ತ್ರದ ಈ ಗಂಭೀರ ನ್ಯೂನತೆಯನ್ನು ನೀಗಿಸುವುದಕ್ಕಾಗಿ ಪ್ರಕೃತ ಪ್ರಬಂಧವು ಹೊರಟಿದೆ.

ಅಧ್ಯಯನಕ್ಷೇತ್ರವಾಗಿ ಠಾಣೆಯ ನೌಪಾಡಾ ಪೇಟೆಯನ್ನು ಆರಿಸಿಕೊಂಡುದಕ್ಕೆ ಕಾರಣಗಳಿವೆ. ಲೇಖಕನು ಅಲ್ಲಿಯೇ ವಾಸವಾಗಿರುವುದು ಮೊದಲನೆಯದಾದರೂ ಅದನ್ನು ಕೊನೆಯಲ್ಲಿ ಹೇಳುವುದು ವಿದ್ವತ್ಸಂಪ್ರದಾಯ. ಹಿಂದೂಸ್ಥಾನದ ಪ್ರಥಮ ಪ್ರಯಾಣಿಕ ರೈಲು 1853ನೆಯ ಏಪ್ರಿಲ್ 16ರಂದು, ಇಪ್ಪತ್ತೊಂದು ತೋಪುಗಳ ಮರ್ಯಾದೆಯೊಡನೆ ಮುಂಬಯಿಯ ಬೋರಿಬಂದರದಿಂದ ಹೊರಟು ಠಾಣೆಗೆ ಬಂದು ನಿಂತಿತು. ಅದರಲ್ಲಿ ಬಂದ ಅತಿಥಿಗಳು ಸುಮಾರು 400 ಮಂದಿಯೆಂದು ಇತಿಹಾಸಕಾರರು ಲೆಕ್ಕವಿಟ್ಟಿದ್ದಾರೆ. ಅವರ ಬುಟ್ಟಿಪೆಟ್ಟಿಗೆಗಳಲ್ಲಿ ಟಿಕೀಟಿಲ್ಲದೆ ಬಂದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಆ ನಿಲ್ದಾಣದ ಪಶ್ಚಿಮಕ್ಕೆ, ಗೋಖಲೆ ರಸ್ತೆ, ರಾಮಮಾರುತಿ ರಸ್ತೆ, ಘಂಟಾಳಿಗಳ ಸುತ್ತ ಮೂರಂತಸ್ತಿನ ಹಳೆಯ ಕಟ್ಟಡಗಳು ಒಂದರ ಭುಜಕ್ಕೊಂದು ತಾಗಿಕೊಂಡು ನಿಂತಿವೆ. ಧಾರವಾಡ ಬೆಳಗಾವಿಗಳ ಕಡೆಯಿಂದ ನೌಕರಿಗೆಂದೂ, ಉಡುಪಿ ಕುಂದಾಪುರಗಳ ಕಡೆಯಿಂದ ಹೋಟೆಲಿಗೆಂದೂ ಬಂದ ನಮ್ಮವರು ಮರಾಠಿ ನೆರೆಹೊರೆಯೊಡನೆ ಗೋಡೆ, ನೀರಿನ ಕೊಳವೆ, ಮೋರಿ ಮತ್ತು ಅದರೊಳಗಣ ಪ್ರಜೆಗಳನ್ನು ಹಂಚಿಕೊಂಡು ಬಾಳುತ್ತಿದ್ದಾರೆ.

ಶತ್ರುವಿನ ಮೇಲೆ ನಡೆಸಬಹುದಾದ ಪ್ರಯೋಗಗಳನ್ನು ನಮ್ಮ ತಂತ್ರಶಾಸ್ತ್ರಜ್ಞರು ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂದು ವಿಂಗಡಿಸಿ ಷಟ್ಕರ್ಮಗಳೆಂದು ಕರೆದಿರುವರು. ಅವರ ಗ್ರಂಥಗಳಲ್ಲಿ ಶತ್ರುವೆಂದರೆ ರಾಜನೋ ದಾಯಾದಿಯೋ ಇರಬಹುದು. ಆದರೆ ಈ ಆರರಲ್ಲಿ ಒಂದನ್ನೂ ಬಿಡದಂತೆ ಅನುಷ್ಠಾನಕ್ಕೆ ತಂದಿರುವುದು, ನಾನು ಬಲ್ಲಮಟ್ಟಿಗೆ, ನೌಪಾಡಾದ ಗೃಹಸ್ಥಾಶ್ರಮ ಮಾತ್ರವೇ.

ಸ್ತಂಭನವನ್ನು, ಎಂದರೆ ಶತ್ರುವನ್ನು ತಡೆದು ನಿಲ್ಲಿಸುವುದನ್ನು, ಮೊದಲು ನೋಡೋಣ. ವೈಶಾಖದಲ್ಲಿ ವರ್ಷದ ಗೋದಿಯನ್ನು ಕೊಂಡು, ಗಚ್ಚಿಯ ಮೇಲೆ ಹರವಿ ಒಣಗಿಸಿ, ಡಬ್ಬಿಗಳಿಗೆ ತುಂಬಿಡುವ ‘ಬೇಗಮಿ’ಯೆಂಬ ವ್ರತ ಇಲ್ಲಿ ಇನ್ನೂ ಪೂರ್ತಿ ಲೋಪವಾಗಿಲ್ಲ. ಆಗ ಎದುರುಮನೆಯ ಆಜಿಯವರು ತೊಗರಿಬೇಳೆಗೆ ಹರಳೆಣ್ಣೆ ಸವರುವುದನ್ನೂ, ಗೋದಿಯ ನಡುವೆ ಒಣಗಿದ ಬೇವಿನೆಲೆಯನ್ನು ಇಡುವುದನ್ನೂ ನೋಡಿ, ವಿಜ್ಞಾನವನ್ನು ಓದಿದ ಅವರ ಮೊಮ್ಮಗನು ಮೂಢನಂಬಿಕೆಯೆಂದು ನಕ್ಕನು. ಎಣ್ಣೆಯ ತೆಳುಪದರವು ಕಾಳಿನ ಮೇಲಣ ತತ್ತಿಗೆ ಉಸಿರು ದೊರೆಯದಂತೆ ಮಾಡುತ್ತದೆಯೆಂಬುದು ಕೃಷಿವಿಜ್ಞಾನಿಗಳ ಪ್ರಯೋಗಗಳಿಂದ ಸಿದ್ಧಪಟ್ಟ ಸಂಗತಿ. ಮೊಮ್ಮಗನು ಕೊಂಡು ತಂದ ಸುಂದರವಾದ ಗಾಜಿನ ಭರಣಿಗಳಲ್ಲಿ ಆಷಾಢದ ಹೊತ್ತಿಗೆ ಅಕ್ಕಿಹುಳುಗಳು ಹೊರಗಿನಿಂದಲೂ ಸ್ಪಷ್ಟವಾಗಿ ಕಾಣುತ್ತಿದ್ದುವು. ಈ ಪ್ರಬಂಧದಲ್ಲಿ ಪರಿಹಾಸಕ್ಕೆ ಒಳಗಾಗದ ವಿದ್ಯೆ ಯಾವುದಾದರೂ ಇದ್ದರೆ ಅದು ಆ ಹರಳೆಣ್ಣೆಯೊಂದೇ.

ಸ್ತಂಭನದ ಮತ್ತೊಂದು ಸಾಧನ ಲಕ್ಷ್ಮಣರೇಖೆಯೆಂಬ ಹೆಸರಿನ ಸೀಮೆಸುಣ್ಣ. ವಾಲ್ಮೀಕಿಗಳ ಮೂಲಕಾವ್ಯದಲ್ಲಿ ಲಕ್ಷ್ಮಣನು ಇಂಥ ಗೆರೆಯನ್ನು ಎಳೆದ ಪ್ರಸ್ತಾಪವೇ ಇಲ್ಲವೆಂಬುದನ್ನು ಪಂಡಿತರು ಬಲ್ಲರು. ಆದುದರಿಂದ ಈ ರೇಖೆಗೆ ಪ್ರಮಾಣವು ಅರಣ್ಯಕಾಂಡದಲ್ಲಲ್ಲ, ಕಿರಾಣಿ ಅಂಗಡಿಯಲ್ಲಿ ದೊರೆಯತಕ್ಕುದು. ಅದಿರಲಿ. ಕಥೆಯ ರೇಖೆಯ ಮಹಿಮೆಯಿರುವುದು ದಾಟಲಾಗದುದರಲ್ಲಿ. ಸೀಮೆಸುಣ್ಣದ ರೇಖೆಯ ಮಹಿಮೆಯಾದರೋ ದಾಟಿದಾಗಲೇ ಪ್ರಕಟವಾಗುತ್ತದೆ. ಅದರಲ್ಲಿರುವ ಡೆಲ್ಟಾಮೆಥ್ರಿನ್ ಎಂಬ ದ್ರವ್ಯವು ಜಿರಲೆಯ ಕಾಲಿಗೆ ಹತ್ತಿ, ನರಗಳಲ್ಲಿ ಸೋಡಿಯಂ ಪ್ರವೇಶಿಸುವ ದ್ವಾರಗಳನ್ನು ಮುಚ್ಚಗೊಡದೆ ನಿಲ್ಲಿಸಿ, ಆ ಪ್ರಾಣಿಯನ್ನು ಮೊದಲು ಕುಣಿಸಿ, ತರುವಾಯ ಅಂಗಾತ ಕೆಡಹುತ್ತದೆ. ಹೀಗಾಗಿ ರೇಖೆಗೆ ಅಂಜಿ ಆಚೆಯೇ ನಿಂತ ಮರ್ಯಾದಸ್ಥ ಜಿರಲೆಗೆ ಯಾವ ಬಾಧೆಯೂ ಇಲ್ಲ. ಅದು ಗೋಡೆಯನ್ನೇರಿ, ಕೊಳವೆಯನ್ನು ಹಿಡಿದು, ಮೇಲಣ ಮಹಡಿಗೆ ಹೋಗುತ್ತದೆ. ಈ ಕೊನೆಯ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ಸಿದ್ಧಾಂತಭಾಗದಲ್ಲಿ ಅದರ ಅಗತ್ಯ ಬೀಳಲಿದೆ.

ವಶ್ಯವೆಂದರೆ ಆಸೆ ತೋರಿಸಿ ಕರೆಯುವುದು. ಇದನ್ನು ಈಗ ಜೆಲ್ ಎಂಬ ಪಾಕದ ಮೂಲಕ ನಡೆಸುತ್ತಾರೆ: ಸಿಹಿಯ ಹಿಂದೆ ವಿಷವನ್ನಿಟ್ಟು, ಕಪಾಟಿನ ಸಂದುಗಳಲ್ಲಿ ಚುಕ್ಕೆಯಿಡುವುದು. ಇದಕ್ಕೆ ಜಿರಲೆಗಳು ಕೊಟ್ಟ ಉತ್ತರ ತಪಶ್ಚರ್ಯೆಯ ಇತಿಹಾಸದಲ್ಲಿ ಬರೆದಿಡತಕ್ಕಂಥದು. ಅಮೆರಿಕದ ಕೆಲವು ಜಿರಲೆಗಳು ಗ್ಲೂಕೋಸನ್ನೇ ತ್ಯಜಿಸಿ, ವಿಷ ಬೆರೆಸದೆ ಇಟ್ಟರೂ ಮುಖ ತಿರುಗಿಸುತ್ತವೆಂಬುದನ್ನು 1993ರಲ್ಲಿ ಅಲ್ಲಿಯ ಸಂಶೋಧಕರು ಪ್ರಕಟಪಡಿಸಿದರು. ಆ ಜಿರಲೆಗಳಲ್ಲಿ ಗ್ಲೂಕೋಸು ಕಹಿಯನ್ನು ತಿಳಿಸುವ ನರಗಳನ್ನೇ ಕೆರಳಿಸುತ್ತದೆಂಬುದು 2013ರಲ್ಲಿ ಗೊತ್ತಾಯಿತು. ವೈದ್ಯರು ವರ್ಷಗಟ್ಟಲೆ ಗದರಿದರೂ, ಬೆಳಗಾದರೆ ತಲಾವ್‌ಪಾಳಿಯ ಕೆರೆಯನ್ನು ಪ್ರದಕ್ಷಿಣೆ ಮಾಡಿ ಬಂದರೂ, ಕದ್ದು ಪೇಢಾ ತಿನ್ನುವುದನ್ನು ಬಿಡಲಾರದ ನಮ್ಮ ಪೇಟೆಯ ಮಧುಮೇಹಿಗಳು ಈ ಸಮಾಚಾರವನ್ನು ಕೇಳಿ ಕ್ಷಣಕಾಲ ತಲೆತಗ್ಗಿಸಿದರು. ಸಿಹಿಯನ್ನು ಜಯಿಸಿದ ಇಂಥ ಜಿರಲೆಗಳಿಗಾಗಿ ಜೆಲ್ಲಿನವರು ಬೇರೆ ರುಚಿಗಳನ್ನು ಹುಡುಕಬೇಕಾಯಿತು.

ಶಾಂತಿಕರ್ಮಕ್ಕೆ ಪ್ರಮಾಣಗ್ರಂಥ ಕೌಟಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದುದರಿಂದ ಕನ್ನಡಿಗರು ಅದರ ವಿಷಯದಲ್ಲಿ ಸ್ವಲ್ಪ ಅಭಿಮಾನಪಡುವುದು ನ್ಯಾಯವೇ. ತಾಳೆಗರಿಯ ಗ್ರಂಥಗಳನ್ನು ಹುಳುಗಳಿಂದ ಕಾಪಾಡುವುದಕ್ಕೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುವ ಪದ್ಧತಿ ನಮ್ಮ ಭಂಡಾರಗಳಲ್ಲಿ ಉಂಟು. ಕಂಟಕಶೋಧನವನ್ನು ಬೋಧಿಸುವ ಗ್ರಂಥವೂ ಕಂಟಕಗಳಿಗೆ ಹೊರತಲ್ಲ. ಕಂಟಕಶೋಧನದ ಅಧಿಕರಣದಲ್ಲಿ ಆಚಾರ್ಯನು ಬೆಂಕಿ, ನೆರೆ, ರೋಗ, ದುರ್ಭಿಕ್ಷಗಳ ಸಾಲಿನಲ್ಲಿಯೇ ಇಲಿಯನ್ನೂ ದೈವಿಕ ಮಹಾಭಯವೆಂದು ಎಣಿಸಿ, ಬೆಕ್ಕು ಮುಂಗುಸಿಗಳನ್ನು ಬಿಡಬೇಕೆಂದೂ, ಅವುಗಳನ್ನು ಹಿಡಿದವರಿಗೆ ಅಥವಾ ಹಿಂಸಿಸಿದವರಿಗೆ 12 ಪಣಗಳ ದಂಡವೆಂದೂ, ಕಳ್ಳಿಯ ಹಾಲನ್ನು ಬಳಿದ ಧಾನ್ಯವನ್ನು ಚೆಲ್ಲಬೇಕೆಂದೂ, ಇಲಿಗಳ ಲೆಕ್ಕದಲ್ಲಿ ಪ್ರಜೆಗಳಿಂದ ಮೂಷಿಕಕರವನ್ನು ವಸೂಲು ಮಾಡಬಹುದೆಂದೂ ಹೇಳಿ, ಇಷ್ಟೆಲ್ಲ ಆದಮೇಲೆ, ಪರ್ವದಿನಗಳಲ್ಲಿ ಮೂಷಿಕಪೂಜೆಯನ್ನು ಮಾಡಿಸಬೇಕೆಂದು ಉಪದೇಶಿಸುತ್ತಾನೆ. ವಿಷವಿಡುವುದು, ಪೂಜೆ ಮಾಡುವುದು ಇವೆರಡರಲ್ಲಿ ವಿರೋಧವನ್ನು ಕಾಣುವವರು ನೌಪಾಡಾವನ್ನು ಭಾದ್ರಪದದಲ್ಲಿ ನೋಡಿಲ್ಲ. ಗಣಪತಿಯನ್ನು ತರುವ ಮುನ್ನ ಮನೆಯನ್ನು ಶುಚಿಮಾಡುವ ನೆವದಲ್ಲಿ ಕಪಾಟಿನಡಿಯಲ್ಲಿ ಅಂಟಿನ ಹಲಗೆಯನ್ನಿಟ್ಟ ಕೈಯೇ ಚವುತಿಯ ದಿನ ಮಣ್ಣಿನ ಇಲಿಗೆ ಅರಿಸಿನ ಕುಂಕುಮವನ್ನು ಹಚ್ಚುತ್ತದೆ. ಮರಾಠಿಗರು ಇಲಿಯನ್ನು ‘ಉಂದೀರಮಾಮಾ’ ಎಂದು ಸೋದರಮಾವನ ಸ್ಥಾನದಲ್ಲಿಟ್ಟಿರುವುದರಿಂದ ಈ ವ್ಯವಹಾರ ಬಂಧುವರ್ಗದಲ್ಲಿ ನಡೆಯತಕ್ಕ ರೀತಿಯಲ್ಲಿಯೇ ನಡೆಯುತ್ತದೆ.

ಇಲಿಯ ವಿಷಯದಲ್ಲಿ ಹಾಸ್ಯವು ಬಹುದೂರ ಹೋಗಲಾರದು. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಊರೂರುಗಳನ್ನು ಬರಿದುಮಾಡಿತು. ನಮ್ಮ ಹಿರಿಯರು ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಇಲಿಯ ಮೈಯ ಚಿಗಟವೇ ರೋಗವನ್ನು ಹರಡುವುದೆಂದು ಸೀಮೋಂ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಇಂದಿಗೂ ಮುಂಬಯಿ ಮಹಾನಗರಪಾಲಿಕೆಯಲ್ಲಿ ರಾತ್ರಿಯ ಹೊತ್ತು ಬ್ಯಾಟರಿ ಬೆಳಕು, ದೊಣ್ಣೆಗಳೊಡನೆ ಇಲಿ ಕೊಲ್ಲುವುದಕ್ಕೆಂದೇ ನೇಮಕವಾದ ನೌಕರರಿದ್ದಾರೆ. ರಾತ್ರಿಗೆ 30 ಇಲಿಗಳ ಲೆಕ್ಕವನ್ನು ಅವರು ಒಪ್ಪಿಸಬೇಕೆಂಬುದು ಕಟ್ಟಳೆ. ಕೌಟಲ್ಯನ ಮೂಷಿಕಕರ ಇನ್ನೂ ಊರ್ಜಿತದಲ್ಲಿದೆ.

ಮಾರಣದಲ್ಲಿ ಅತಿ ಪ್ರಾಚೀನವೂ ವಿಶ್ವಸನೀಯವೂ ಆದ ಆಯುಧ ಪಾದರಕ್ಷೆ. ಅದನ್ನು ಕುರಿತು ವಿಸ್ತರಿಸುವುದು ಅನಗತ್ಯ. ಅದಕ್ಕೂ ಸಿಕ್ಕದ ತಿಗಣೆಯ ಭಯದಿಂದಲೇ ಲಕ್ಷ್ಮಿಯು ಕಮಲದಲ್ಲಿಯೂ, ಹರನು ಹಿಮಾಲಯದಲ್ಲಿಯೂ, ಹರಿಯು ಕ್ಷೀರಸಾಗರದಲ್ಲಿಯೂ ಮಲಗುವರೆಂದು ಹಳೆಯ ಸಂಸ್ಕೃತ ಚಾಟೂಕ್ತಿಯೊಂದು ಊಹಿಸಿದೆ. ದೇವತೆಗಳು ಮನೆ ಬಿಟ್ಟರೇ ಹೊರತು ತಿಗಣೆ ಬಿಟ್ಟಿತೆಂದು ಆ ಕವಿಯೂ ಹೇಳಲಿಲ್ಲ. ಡಿಡಿಟಿಯ ಕೀಟನಾಶಕಶಕ್ತಿಯನ್ನು ಕಂಡುಹಿಡಿದ ಪಾಲ್ ಮ್ಯೂಲರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅಷ್ಟರಲ್ಲಾಗಲೇ ಹವಾಯಿಯ ಬಿಡಾರಗಳ ತಿಗಣೆಗಳು ಡಿಡಿಟಿಗೆ ಜಗ್ಗದೆ ನಿಂತಿದ್ದುವು.

ಸೊಳ್ಳೆಯ ವಿಷಯದಲ್ಲಿ ಬೆಂಗಳೂರಿನ ದೃಷ್ಟಾಂತವನ್ನು ಉಲ್ಲೇಖಿಸುವುದು ಉಚಿತ. ಮುಂದೆ 1897ನೆಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಬೀಜವನ್ನು ಕಂಡ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಮಿಸುಕುವುದನ್ನು ನೋಡಿ ಅದನ್ನು ಮಗುಚಿಸಿದಾಗ ಸೊಳ್ಳೆ ಬಹುಮಟ್ಟಿಗೆ ಕಡಮೆಯಾಯಿತು. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಹಾಗೆಯೇ ಮಾಡಬಹುದೆಂದು ಅವನು ಹೇಳಲಾಗಿ, ಅಲ್ಲಿಯ ಅಡ್ಜುಟೆಂಟನು ತಿರಸ್ಕಾರದಿಂದ ನಿರಾಕರಿಸಿದನಂತೆ: ಸೊಳ್ಳೆಗಳು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾಗಿವೆ, ಅವುಗಳನ್ನು ಸಹಿಸುವುದೇ ನಮ್ಮ ಧರ್ಮ. ಆ ಅಡ್ಜುಟೆಂಟನ ಶಿಷ್ಯಪರಂಪರೆ ಅವಿಚ್ಛಿನ್ನವಾಗಿ ನೌಪಾಡಾಕ್ಕೆ ಇಳಿದು ಬಂದಿದೆ. ಗಚ್ಚಿಯ ಮೇಲಣ ಒಡೆದ ಡ್ರಮ್ಮು, ಫ್ರಿಜ್ಜಿನ ಹಿಂಬದಿಯ ತಟ್ಟೆ, ತುಳಸಿಯ ಕುಂಡದ ಕೆಳಗಣ ಬಸಿ, ಇವುಗಳ ತಿಳಿನೀರಿನಲ್ಲಿ ಡೆಂಗೀ ಸೊಳ್ಳೆಯ ಸಂತಾನ ನಿರಾತಂಕವಾಗಿ ವೃದ್ಧಿಯಾಗುತ್ತಿರಲು, ಗೃಹಸ್ಥನು ಸಂಜೆ ಆರಕ್ಕೆ ಕಿಟಕಿಗಳನ್ನು ಮುಚ್ಚಿ, ಕಛುವಾ ಛಾಪಿನ ಸುರುಳಿಯನ್ನು ಹೊತ್ತಿಸಿ, ಹಗಲಿನಲ್ಲಿ ಕಚ್ಚುವ ಆ ಸೊಳ್ಳೆಯ ಮೇಲೆ ರಾತ್ರಿಯೆಲ್ಲ ಯುದ್ಧ ಸಾರುತ್ತಾನೆ.

ವಿದ್ವೇಷಣವೆಂದರೆ ಮಿತ್ರರಲ್ಲಿ ಕಲಹವನ್ನು ಹುಟ್ಟಿಸುವುದು. ಇದಕ್ಕೆ ಮಂತ್ರವಾಗಲಿ ದ್ರವ್ಯವಾಗಲಿ ಬೇಡ. ಒಂದು ಜಿರಲೆ ಸಾಕು. ‘ವಹಿನಿ, ಝುರಳಂ ತುಮಚ್ಯಾ ಮೋರೀತೂನ್ ಯೇತಾತ್’, ಜಿರಲೆಗಳು ನಿಮ್ಮ ಮೋರಿಯಿಂದಲೇ ಬರುತ್ತವೆ ಎಂದು ಎರಡನೆಯ ಮಹಡಿಯವರು ನನ್ನಾಕೆಗೆ ಹೇಳಿದ ದಿನದಿಂದ ಹಬ್ಬದ ಹೋಳಿಗೆಯ ವಿನಿಮಯ ನಿಂತಿದೆ. ಇದು ಕೇವಲ ನೌಪಾಡಾದ ವ್ಯಾಧಿಯಲ್ಲ. ಅಡುಗೆಮನೆಯ ಸಣ್ಣ ಕಂದು ಜಿರಲೆಗೆ 1767ರಲ್ಲಿ ಲಿನ್ನೇಯಸನು ಜರ್ಮನಿಯ ಹೆಸರನ್ನಿಟ್ಟನು. ಜರ್ಮನರಲ್ಲಿ ಕೆಲವರು ಅದನ್ನು ರಷ್ಯದವನೆಂದರು. ರಷ್ಯನರು ಪ್ರಷ್ಯದವನೆಂದು ಈಗಲೂ ಕರೆಯುತ್ತಾರೆ. ಕೊನೆಗೆ 2024ರಲ್ಲಿ 17 ದೇಶಗಳ ಜಿರಲೆಗಳ ವಂಶಬೀಜವನ್ನು ಪರೀಕ್ಷಿಸಿದ ವಿದ್ವಾಂಸರು, ಈ ಕುಲವು ಸುಮಾರು 2,100 ವರ್ಷಗಳ ಕೆಳಗೆ ಭಾರತದಲ್ಲಿಯೋ ಬರ್ಮದಲ್ಲಿಯೋ ಕವಲೊಡೆದು ಲೋಕವನ್ನೆಲ್ಲ ವ್ಯಾಪಿಸಿತೆಂದು ತೀರ್ಪಿತ್ತರು. ಯೂರೋಪಿನ ಮಹಾರಾಷ್ಟ್ರಗಳು ಪರಸ್ಪರ ಆರೋಪಿಸುತ್ತಿದ್ದ ಜಂತುವು ನಮ್ಮ ಮೋರಿಯಿಂದಲೇ ಹೊರಟುದು ಇದರಿಂದ ಸಿದ್ಧವಾದುದರಿಂದ, ಎರಡನೆಯ ಮಹಡಿಯವರ ಮಾತಿಗೆ ಆಧಾರವಿಲ್ಲವೆನ್ನುವಂತಿಲ್ಲ. ಈ ಪತ್ರಿಕೆ ಅವರ ಕೈಗೆ ಸಿಕ್ಕದಂತೆ ನೋಡಿಕೊಂಡಿದ್ದೇನೆ.

ಇನ್ನು ಸಿದ್ಧಾಂತ. ಪ್ರತಿಯೊಬ್ಬ ಗೃಹಸ್ಥನೂ ಮಾರಣಕ್ಕೆಂದು ಹಣ ತೆತ್ತು ಉಚ್ಚಾಟನವನ್ನು ಪಡೆಯುತ್ತಾನೆ. ಮೊದಲ ಮಹಡಿಯಲ್ಲಿ ಔಷಧ ಸಿಂಪಡಿಸಿದ ರಾತ್ರಿ ಜಿರಲೆಗಳು ಎರಡನೆಯ ಮಹಡಿಗೆ ಏರುತ್ತವೆ. ಎರಡನೆಯ ಮಹಡಿಯವರು ಮುಂದಿನ ತಿಂಗಳು ಸಿಂಪಡಿಸಲಾಗಿ ಅವು ಹವಾಬದಲಾವಣೆಗೆ ಹೋಗಿ ಬಂದವರಂತೆ ಗೆಲವಾಗಿ ಮೊದಲ ಮಹಡಿಗೆ ಇಳಿಯುತ್ತವೆ. ಸರಕಾರವು ಅಯೋಗ್ಯ ಅಧಿಕಾರಿಯನ್ನು ತೆಗೆದುಹಾಕದೆ ವರ್ಗ ಮಾಡುವ ನೀತಿ ಇದೇ. ಹಳೆಯ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟಿನ ಈ ಕಾಲದಲ್ಲಂತೂ, ಒಂದು ಕಟ್ಟಡ ನೆಲಕ್ಕುರುಳಿದರೆ ಅದರ ಮನುಷ್ಯರು ಬಿಲ್ಡರನಿಂದ ಬಾಡಿಗೆ ಪಡೆದು ಬೇರೆಡೆಗೆ ಹೋಗುತ್ತಾರೆ. ಅದರ ಹೆಗ್ಗಣ ಜಿರಲೆಗಳು ಯಾವ ಕರಾರುಪತ್ರವೂ ಇಲ್ಲದೆ ಪಕ್ಕದ ಕಟ್ಟಡಕ್ಕೆ ಬರುತ್ತವೆ. ಆದುದರಿಂದ ಒಂದೇ ಮನೆಯಲ್ಲಿ ಮಾಡಿದ ಕೀಟನಿವಾರಣೆಯು ನಿವಾರಣೆಯೇ ಅಲ್ಲವೆಂದೂ, ಒಂದು ಕಟ್ಟಡದ ಎಲ್ಲ ಮನೆಗಳೂ ಒಂದೇ ದಿನ ಮೋರಿಗೆ ಜಾಳಿಗೆ ಹಾಕಿ, ಕೊಳವೆಯ ಸುತ್ತಲಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಜೆಲ್ಲನ್ನು ಇಡಿಸಿದಲ್ಲದೆ ಬೇರೆ ಗತಿಯಿಲ್ಲವೆಂದೂ ತೀರ್ಮಾನವಾಗುತ್ತದೆ.

ನಮ್ಮ ಸೊಸಾಯಿಟಿಯ ಸಭೆಯೂ ಹೆಚ್ಚಿನ ಚರ್ಚೆಯಿಲ್ಲದೆ, ಎಂದರೆ ಮೂರು ಗಂಟೆಗಳಲ್ಲಿ, ಇದೇ ನಿರ್ಣಯಕ್ಕೆ ಬಂದಿದೆ. ಜೆಲ್ಲಿನವನು ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಬರುತ್ತಾನೆ. ಮೂರನೆಯ ಮಹಡಿಯವರಲ್ಲಿ ಈ ಮೂಲಕ ವಿಜ್ಞಾಪನೆ: ಒಲೆಯ ಕೆಳಗಣ ಕಪಾಟನ್ನು ಹಿಂದಿನ ರಾತ್ರಿಯೇ ತೆರವು ಮಾಡಿಡತಕ್ಕುದು, ಕಳೆದ ಸಲದಂತೆ ಲಗ್ನಕ್ಕೆಂದು ಪುಣೆಗೆ ಹೋಗುವುದಿದ್ದರೆ ಬೀಗದ ಕೈಯನ್ನು ಎದುರುಮನೆಯ ಆಜಿಯವರ ಬಳಿ ಕೊಟ್ಟು ಹೋಗತಕ್ಕುದು.