ಜಾರುವ ವಿದ್ಯೆ

ತೀರ್ಥಹಳ್ಳಿ ಕಡೆಯವರಿಗೆ ಜಾರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆಷಾಢದಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿದಾಗ ಅಡಿಕೆ ದಬ್ಬೆ ಬಿಟ್ಟು ಆಚೆ ಕಾಲಿಟ್ಟರೆ, ಬಚ್ಚಲಿಗೆ ಹೊರಟವರು ಕೊಟ್ಟಿಗೆ ಬಾಗಿಲಲ್ಲಿ ಎದ್ದು ಕೂರುತ್ತಾರೆ. ಅಂಥ ಊರಿನವನು ನಾನು, ಐವತ್ತು ಸಮೀಪಿಸಿದ ಮೇಲೆ, ದುಡ್ಡು ಕೊಟ್ಟು ಜಾರಲು ಕೊಯಮತ್ತೂರಿಗೆ ಹೋದೆ.

ಕಾರಣ ಹೊಸ ಕಾರು. 40 ಕುದುರೆಯೂ ಇರದ ಮಾರುತಿ 800 ಓಡಿಸಿಕೊಂಡಿದ್ದವನಿಗೆ ಏಕಾಏಕಿ 250 ಕುದುರೆ ಬಂದಿದ್ದವು. ಹಳೆಯದು ಎತ್ತಿನಂತೆ ಮುಂದಿನಿಂದ ಎಳೆಯುತ್ತಿತ್ತು. ಇದು ತೇರಿನ ದಿನದ ಜನರಂತೆ ಹಿಂದಿನಿಂದ ದಬ್ಬುತ್ತದೆ. ಮೊದಲ ಮಳೆಗೆ, ಒಂದು ತಿರುವಿನಲ್ಲಿ, ಆಕ್ಸಿಲರೇಟರ್ ಕೊಂಚ ಜಾಸ್ತಿ ಒತ್ತಿದೆ. ಕಾರಿನ ಹಿಂಭಾಗ ಮುಂಭಾಗವನ್ನು ಓವರ್‌ಟೇಕ್ ಮಾಡಲು ಹೊರಟಿತು. ಡ್ಯಾಶ್‌ಬೋರ್ಡಿನಲ್ಲಿ ಹಾವಿನಂತೆ ಬಳುಕಿದ ಗೆರೆಗಳ ದೀಪ ಮಿನುಗಿ, ಜಾರುವುದನ್ನು ತಡೆಯುವ ಇಎಸ್‌ಸಿ ವ್ಯವಸ್ಥೆ ತಾನೇ ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ಉಳಿಸಿತು. ಬಾಷ್ ಕಂಪನಿಯವರು 1995ರಲ್ಲಿ ಮರ್ಸಿಡಿಸ್ಸಿಗೆಂದು ತಂದ ಉಪಾಯವಂತೆ; ಅವರ ಹೊಟ್ಟೆ ತಣ್ಣಗಿರಲಿ. ಪಕ್ಕದಲ್ಲಿದ್ದ ಹೆಂಡತಿ ಏನೂ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯ ಒಂದು ಮೂಲೆಗೆ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಮಗನ ವಯಸ್ಸಿನ ಮೇಷ್ಟ್ರು ಮೊದಲು ಮಾಡಿದ ಕೆಲಸ, ಗುಂಡಿ ಒತ್ತಿ ಆ ಇಎಸ್‌ಸಿಯನ್ನೇ ಆಫ್ ಮಾಡಿದ್ದು. "ಒಂದೊಂದು ಟೈರು ನೆಲಕ್ಕೆ ತಾಗೋದು ಅಂಗೈಯಷ್ಟೇ ಸಾರ್. ಬ್ರೇಕಿಗೂ ಅಷ್ಟರಲ್ಲೇ, ತಿರುಗೋಕೂ ಅಷ್ಟರಲ್ಲೇ." ಸಂಬಳದಲ್ಲಿ ಬದುಕಿದವನಿಗೆ ಇದು ತಕ್ಷಣ ಅರ್ಥವಾಯಿತು.

ಅರ್ಥವಾದದ್ದು ತಲೆಗೆ, ಕಾಲಿಗಲ್ಲ. ಹಿಂಭಾಗ ಬಲಕ್ಕೆ ಜಾರಿದರೆ ಸ್ಟಿಯರಿಂಗ್ ಬಲಕ್ಕೇ ತಿರುಗಿಸಬೇಕು. ನಾನು ಸ್ಟಿಯರಿಂಗನ್ನು ತಬ್ಬಿಕೊಂಡು ಆಕ್ಸಿಲರೇಟರಿನಿಂದ ಕಾಲು ಕಿತ್ತೆ. ಭಾರವೆಲ್ಲ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಯಿತು, ಕಾರು ಬುಗುರಿಯಾಯಿತು. ಇನ್ನೊಮ್ಮೆ ತಿರುಗಿಸಿದೆ, ಸರಿಯಾಗಿಯೇ; ಆದರೆ ಹಿಂದಕ್ಕೆ ತರುವುದು ತಡವಾಗಿ ಆ ಕಡೆ ಸುತ್ತುವ ಬದಲು ಈ ಕಡೆ ಸುತ್ತಿತು.

"ಕೋನ್ ನೋಡಬೇಡಿ ಸಾರ್, ಹೋಗಬೇಕಾದ ಕಡೆ ನೋಡಿ!"

ಅಷ್ಟು ದೊಡ್ಡ ಬಯಲಿನಲ್ಲಿ ಮೊಣಕಾಲೆತ್ತರದ ಕಿತ್ತಳೆ ಕೋನ್ ಬಿಟ್ಟು ಬೇರೇನೂ ನನಗೆ ಕಾಣುತ್ತಿರಲಿಲ್ಲ. ಏಳು ಕೋನ್ ಮಲಗಿದವು. ಎಂಟನೆಯದು ಬಂಪರಿನಡಿ ಸಿಕ್ಕಿಕೊಂಡು ಕೊರಕೊರ ಎನ್ನುತ್ತ ಜೊತೆಗೇ ಬಂತು. ಮಧ್ಯಾಹ್ನ ಊಟವಾದ ಮೇಲೆ, ಒಂದೇ ಒಂದು ಸಲ, ಕುತ್ತಿಗೆ ಹೊರಳಿಸಿ ದೂರದ ಗೋಡೆಯ ತುದಿ ನೋಡಿದೆ. ಕೈ ಕಣ್ಣಿನ ಹಿಂದೆಯೇ ಹೋಯಿತು. ಕಾರು ಬಾಲ ಅಲ್ಲಾಡಿಸಿ ನೆಟ್ಟಗಾಯಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಟ್ಯಾಂಕರಿನ ಡ್ರೈವರನೂ ತಟ್ಟಿದ.

ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ವರ್ಣಿಸಿದೆ.

"ಎಷ್ಟು ಕೊಟ್ಯೋ?"

ಹೇಳಿದೆ.

"ಶಾಲೆಗೆ ಹೋಗೋವಾಗ ಹಳ್ಳದ ಸಂಕದ ಮೇಲೆ ದಿನಾ ಬಡ್ಕೊಳ್ತಿದ್ದೆ, ನೀರು ನೋಡ್ಬೇಡ, ಆಚೆ ದಡ ನೋಡು ಅಂತ. ನಂಗೇನು ಕೊಟ್ಟೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸೂರಿನಡಿ ಒಟ್ಟಿದ್ದ ದಬ್ಬೆ ತೋರಿಸಿದಳು. "ಕಾರು ಆಮೇಲೆ. ಮಳೆ ಬರೋದ್ರೊಳಗೆ ಅವನ್ನ ಅಂಗಳಕ್ಕೆ ಹಾಸು."