ಕಳಸಕ್ಕೆ ಬರುವವರ ಲಕ್ಷಣ, ಭೇದ ಮತ್ತು ಸಂಕರ

ಚಿಕ್ಕಮಗಳೂರು ಜಿಲ್ಲೆಯ ಕಳಸವೆಂಬ ಪುಟ್ಟ ಊರಿಗೆ ಬಂದುಹೋಗುವ ಪರಸ್ಥಳದವರನ್ನು ವಿಂಗಡಿಸುವ ಶಾಸ್ತ್ರ ಇನ್ನೂ ಅಂಬೆಗಾಲಿಡುತ್ತಿದೆ. ಈ ದಿಸೆಯಲ್ಲಿ ದುಡಿದ ಪೂರ್ವಸೂರಿಗಳಿಲ್ಲವೆಂದಲ್ಲ. ಲಾಡ್ಜಿನವರು ಪರ್ಸಿನ ದಪ್ಪ ನೋಡಿ ವಿಂಗಡಿಸಿದರು. ಪರ್ಸೇ ಇಲ್ಲದೆ ಫೋನಿನಲ್ಲಿ ದುಡ್ಡು ಕಟ್ಟುವ ಕಾಲ ಬಂದಮೇಲೆ ಆ ಪಂಥ ಮುಚ್ಚಿಹೋಯಿತು. ಜೀಪಿನವರು ನಂಬರ್ ಪ್ಲೇಟ್ ನೋಡಿ ವಿಂಗಡಿಸಿದರು. ಕೆಎ 18 ಎಂದರೆ ಜಿಲ್ಲೆಯವರೇ, ಬಾಡಿಗೆ ಹುಟ್ಟುವುದಿಲ್ಲ ಎಂಬುದು ಅವರ ಮತ. ಆದರೆ ಬೆಂಗಳೂರು ನಂಬರಿನ ಕಾರಿನೊಳಗೆ ಅಪ್ಪಟ ಕೊಪ್ಪದವನೇ ಕೂತಿರುವ ಉದಾಹರಣೆಗಳು ಹೆಚ್ಚಿ ಅದೂ ಬಿದ್ದುಹೋಯಿತು. ಹಾಗಾಗಿ ಪ್ರಸ್ತುತ ಗ್ರಂಥಕರ್ತನು ಹೊಸ ಸೂತ್ರವೊಂದನ್ನು ಮಂಡಿಸುತ್ತಾನೆ: ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಮೊದಲು ಕೇಳುವ ಪ್ರಶ್ನೆಯೇ ಅವನ ಜಾತಕ. ಕೇಳುವವ ಪ್ರವಾಸಿ, ಹೇಳುವವ ಊರಿನವ.

ಮೊದಲ ವರ್ಗ, ಸಂಖ್ಯೆಯಲ್ಲೂ ಮೊದಲು, ‘ಹೊರನಾಡಿಗೆ ಬಸ್ಸು ಎಷ್ಟು ಹೊತ್ತಿಗೆ?’ ಎನ್ನುವವರದು. ಇವರು ಭಕ್ತರು. ಧರ್ಮಸ್ಥಳ, ಹೊರನಾಡು, ಶೃಂಗೇರಿ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸುವವರು ಉತ್ತಮರು. ಚಾರ್ಮಾಡಿ ಹತ್ತುವಾಗಲೇ ಹೊಟ್ಟೆ ತೊಳಸಿ, ಕೈಯಲ್ಲಿ ನಿಂಬೆಹಣ್ಣು ಹಿಡಿದು, ಕೊಟ್ಟಿಗೆಹಾರದ ನೀರುದೋಸೆಯನ್ನೂ ಬೇಡವೆಂದವರು ಅಧಮರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ತಪ್ಪಿದ ಮೇಲೆ ಈ ವರ್ಗದಲ್ಲಿ ಒಂದು ಉಪಭೇದ ತಲೆಯೆತ್ತಿದೆ. ಗಂಡಂದಿರನ್ನು ಮನೆಯಲ್ಲಿ ಬಿಟ್ಟು, ಹತ್ತು ಹನ್ನೆರಡು ಜನ ಒಟ್ಟಾಗಿ, ಚಕ್ಕುಲಿ ಡಬ್ಬ ಸಮೇತ ಬರುವ ಇವರಷ್ಟು ಸಂತೋಷವಾಗಿರುವ ಪ್ರವಾಸಿಗಳನ್ನು ಗ್ರಂಥಕರ್ತ ಬೇರೆಲ್ಲೂ ಕಂಡಿಲ್ಲ. ಇಡೀ ವರ್ಗಕ್ಕೆ ಸಾಮಾನ್ಯವಾದ ಲಕ್ಷಣ ಒಂದಿದೆ. ಕಳಸೇಶ್ವರ ಊರಿನೊಳಗೇ, ಮೆಟ್ಟಿಲು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿದ್ದರೂ ಎಂಟು ಕಿಲೋಮೀಟರ್ ಆಚೆಯ ಅನ್ನಪೂರ್ಣೇಶ್ವರಿಯ ಪಂಕ್ತಿ ತಪ್ಪೀತೆಂದು ಅವನಿಗೆ ರಸ್ತೆಯಿಂದಲೇ ಕೈಮುಗಿಯುತ್ತಾರೆ. ಊಟ ಹಾಕುವ ಹೆಂಡತಿಯ ಮುಂದೆ ತನ್ನದೇನೂ ನಡೆಯದೆಂದು ಈಶ್ವರನಿಗೂ ಗೊತ್ತು.

ಎರಡನೆಯ ವರ್ಗದವರು ಪ್ರಶ್ನೆ ಕೇಳುವುದು ನಸುಕಿನಲ್ಲಿ, ಅರೆನಿದ್ದೆಯಲ್ಲಿ: ‘ಬಾತ್‌ರೂಮ್ ಎಲ್ಲಿದೆ?’ ಇವರು ಚಾರಣಿಗರು. ಬೆಂಗಳೂರಿನಿಂದ ರಾತ್ರಿ ಹೊರಟ ಟೆಂಪೋ ಟ್ರಾವೆಲರ್ ಇವರನ್ನು ಬೆಳಗಿನ ಜಾವ ಸುರಿದುಹೋಗುತ್ತದೆ. ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ, ಮುಳ್ಳೋಡಿಯಿಂದ ಕಾಲ್ನಡಿಗೆಯಲ್ಲಿ 1,892 ಮೀಟರಿನ ಕುದುರೆಮುಖ ಶಿಖರ. ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ಆನ್‌ಲೈನ್ ಬುಕಿಂಗ್ ಇಟ್ಟಿರುವುದರಿಂದ ಟಿಕೆಟ್ ಸಿಕ್ಕಿದವ, ಸಿಗದವ ಎಂಬ ಎರಡು ಪ್ರಭೇದಗಳಾಗಿವೆ. ಸಿಗದವನು ಕೂಡಲೇ ಮೂರನೆಯ ವರ್ಗಕ್ಕೆ ಇಳಿಯುತ್ತಾನೆ.

ಚಾರಣಿಗರ ವಿಷಯದಲ್ಲಿ ಇನ್ನೊಂದು ಪ್ರಮಾಣಗ್ರಂಥವಿದೆ. ಅದೇ ಇಂಬಳ. ಮಳೆಗಾಲದಲ್ಲಿ ಹುಲ್ಲಿನ ತುದಿಯಲ್ಲಿ ದಾರದ ತುಂಡಿನಂತೆ ನಿಂತು, ಬಿಸಿಯುಸಿರು ಬಂದ ಕಡೆಗೆ ತಲೆ ತೂಗುತ್ತದೆ. ಶೂ ಮೇಲೆ ಬಿದ್ದದ್ದೇ ತಡ, ಗೇಣು ಹಾಕುತ್ತ ಲೇಸಿನ ತೂತು ಹುಡುಕಿ, ಸಾಕ್ಸಿನ ಹೆಣಿಗೆಯೊಳಗೆ ನುಗ್ಗುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ಕುಡಿದು ಕಪ್ಪುದ್ರಾಕ್ಷಿಯಾಗಿ ಉರುಳಿದ ಮೇಲೆ, ಬಿಳಿ ಸಾಕ್ಸ್ ಕೆಂಪಾದಾಗಲೇ ಗೊತ್ತಾಗುವುದು. ಆಗ ಕಿರುಚುವವ ನೂತನ, ಉಪ್ಪು ಹುಡುಕುವವ ಮಧ್ಯಮ, ಹೊರಡುವ ಮೊದಲೇ ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡವ ಪ್ರೌಢ. ಮಾತೇ ಆಡದೆ ಉಗುರಿನಿಂದ ಚಿಮ್ಮಿ ಮುಂದೆ ನಡೆಯುವವ ಗೈಡು. ಅವನು ಈ ಗ್ರಂಥದ ವ್ಯಾಪ್ತಿಗೆ ಹೊರಗು.

ಮೂರನೆಯ ವರ್ಗದ ಪ್ರಶ್ನೆ: ‘ಇಲ್ಲಿ ನೋಡೋಕೆ ಏನೇನಿದೆ?’ ಇವರನ್ನು ಕ್ಯಾತನಮಕ್ಕಿಗೆ ಕಳಿಸುವುದು ವಾಡಿಕೆ. ಕಲ್ಲುಕೊರಕಲು ದಾರಿಯಲ್ಲಿ ಜೀಪು ಇವರನ್ನು ಕುಲುಕಿ ಗುಡ್ಡದ ನೆತ್ತಿಗೆ ಮುಟ್ಟಿಸುತ್ತದೆ. ಅಲ್ಲಿ ಮಂಜು. ಮುಂದೆ ಮಂಜು, ಹಿಂದೆ ಮಂಜು, ನಡುವೆ ಸೆಲ್ಫಿ. ‘ಹತ್ತು ನಿಮಿಷ ಇರಿ ಸರ್, ಈಗ ಕ್ಲಿಯರ್ ಆಗ್ತದೆ’ ಎಂಬುದು ಜೀಪಿನವರ ಸನಾತನ ವಾಕ್ಯ. ಆಗುವುದೂ ಉಂಟು. ಆದಾಗ ಒಂದರ ಹಿಂದೊಂದು ಹುಲ್ಲುಗುಡ್ಡಗಳು ತೆರೆದುಕೊಂಡು, ಇಷ್ಟು ಹೊತ್ತು ಬಾಡಿಗೆ ಹೆಚ್ಚಾಯಿತೆಂದು ಗೊಣಗುತ್ತಿದ್ದವನ ಬಾಯಿ ಕಟ್ಟುತ್ತದೆ.

ಅಂಬಾತೀರ್ಥ ಕೇಳಿಕೊಂಡು ಬರುವವರು ಬೆರಳೆಣಿಕೆ. ಭದ್ರೆಯ ಮಡುವಿನ ಬಳಿ, ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿಟ್ಟರೆಂಬ ಬಂಡೆಯ ಮೇಲಿನ ಶಾಸನ ನೋಡಿ, ಕಳಸ–ಕಾರ್ಕಳದ ಭೈರರಸರ ವಂಶಾವಳಿ ಒಪ್ಪಿಸಿ, ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಈ ಮನೆತನದವನೇ ಎಂದು ಹೋಟೆಲಿನಲ್ಲಿ ಬನ್ಸ್ ತಿನ್ನುವವರಿಗೂ ತಿಳಿಸಿ ಹೋಗುತ್ತಾರೆ. ನಿರುಪದ್ರವಿಗಳು.

ನಾಲ್ಕನೆಯ ವರ್ಗ ಸೂಕ್ಷ್ಮವಾದದ್ದು. ಇವರ ಪ್ರಶ್ನೆ ಭೂತಕಾಲದಲ್ಲಿರುತ್ತದೆ: ‘ಇಲ್ಲೊಂದು ಅಂಗಡಿ ಇತ್ತಲ್ಲ?’ ಇವರು ಕುದುರೆಮುಖದ ಗಣಿ ಕಂಪನಿಯಲ್ಲಿದ್ದವರು. 1976ರಲ್ಲಿ ಶುರುವಾದ ಆ ಕಂಪನಿ ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕದಡಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತೆಂದು ಇವರೂ ಒಪ್ಪುತ್ತಾರೆ, ಒಪ್ಪುತ್ತಲೇ ಪಾಚಿ ಹಿಡಿದ ಕ್ವಾರ್ಟರ್ಸ್ ಮುಂದೆ ಕಾರು ನಿಲ್ಲಿಸಿ ‘ಇದೇ ಕಿಟಕೀಲಿ ನಿಮ್ಮಜ್ಜಿ ಕೂತು ಮಳೆ ನೋಡ್ತಿದ್ಲು’ ಎಂದು ಮಗಳಿಗೆ ತೋರಿಸುತ್ತಾರೆ. ಮಗಳು ನೆಟ್‌ವರ್ಕ್ ಹುಡುಕುತ್ತಿರುತ್ತಾಳೆ. ಇದೇ ವರ್ಗದ ಹಿರಿಯರು ‘ಸಹಕಾರ ಸಾರಿಗೆ ಬಸ್ಸು ಈಗ ಇಲ್ವಾ?’ ಎಂದೂ ಕೇಳುವುದುಂಟು. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತುಹೋದವೆಂದು ಹೇಳಿದರೆ ಸಾವಿನ ಸುದ್ದಿ ಕೇಳಿದವರಂತೆ ಸುಮ್ಮನಾಗುತ್ತಾರೆ.

ಇನ್ನು ಸಂಕರ. ಬಸ್ಸಿನಿಂದ ಇಳಿದವನು ಪ್ರಶ್ನೆ ಕೇಳುವ ಮೊದಲೇ ಊರೇ ಅವನನ್ನು ಕೇಳುತ್ತದೆ: ‘ಎಂತ ಮಾರಾಯ, ಯಾವಾಗ ಬಂದದ್ದು? ಎಷ್ಟು ದಿನ ರಜೆ?’ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತೋಟದ ಮನೆಯ ಮಗ. ಜೊತೆಗೆ ನಾಲ್ಕು ಜನ ಗೆಳೆಯರು. ಅಮ್ಮ ಅವರಿಗೆ ಅಕ್ಕಿರೊಟ್ಟಿ, ಕಳಲೆ ಪಲ್ಯ ಮಾಡಿ ಬಡಿಸುವಾಗ ಇವನು ಹೋಮ್‌ಸ್ಟೇ ಮಾಲೀಕನಂತೆ ‘ಆರ್ಗ್ಯಾನಿಕ್’ ಎನ್ನುತ್ತಾನೆ. ಅಪ್ಪ ಕಣದ ಅಂಚಿನಲ್ಲಿ ಕೂತು, ಹೂಮಳೆ ತಡವಾದ ವರ್ಷದ ಲೆಕ್ಕ ಹೇಳಲು ಬಾಯಿ ತೆರೆದವರು ಸುಮ್ಮನಾಗುತ್ತಾರೆ.

ಪ್ರಾಜ್ಞರು ಇಲ್ಲೊಂದು ಆಕ್ಷೇಪ ಎತ್ತುವರು. ನವೆಂಬರ್ ಬಂತೆಂದರೆ ಪಿಕಪ್ಪುಗಳಲ್ಲಿ ಪಾತ್ರೆ, ಹಾಸಿಗೆ, ಎಳೆಮಕ್ಕಳ ಸಮೇತ ಬಂದಿಳಿಯುವವರು ಯಾವ ವರ್ಗ? ಬಯಲುಸೀಮೆಯಿಂದ, ಈಚೆಗೆ ಅಸ್ಸಾಮಿನಿಂದಲೂ, ಕಾಫಿ ಕೊಯ್ಲಿಗೆ ಬರುವವರು. ಲೈನ್ ಮನೆಯಲ್ಲಿ ಉಳಿದು, ಸೊಂಟಕ್ಕೆ ಚೀಲ ಕಟ್ಟಿ, ರೆಕ್ಕೆ ಬಗ್ಗಿಸಿ ಹಣ್ಣು ಬಿಡಿಸಿ, ಸಂಜೆ ತಕ್ಕಡಿಯ ಮುಂದೆ ಸಾಲುನಿಂತು, ರೈಟರ್ ಬರೆದ ಕಿಲೋ ಲೆಕ್ಕವನ್ನು ಇಣುಕಿ ನೋಡುವವರು. ದೂರದಿಂದ ಬಂದವರು ಹೌದು, ತಿಂಗಳುಗಟ್ಟಲೆ ತಂಗುವವರು ಹೌದು, ಚಾರಣಿಗರು ಕಾಣದ ಇಳಿಜಾರನ್ನೆಲ್ಲ ಹತ್ತಿ ಇಳಿದವರೂ ಹೌದು. ಸಂತೆಯ ದಿನ ಫೋಟೋ ತೆಗೆಸಿಕೊಳ್ಳುವುದೂ ಉಂಟು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಇವರು ಯಾರನ್ನೂ ಏನನ್ನೂ ಕೇಳುವುದಿಲ್ಲ. ಪಿಕಪ್ಪು ನೇರ ತೋಟಕ್ಕೇ ಹೋಗುತ್ತದೆ. ಸೂತ್ರದ ಪ್ರಕಾರ ಇವರು ಪ್ರವಾಸಿಗಳೇ ಅಲ್ಲ. ಊರಿನವರೂ ಅಲ್ಲ, ಏಕೆಂದರೆ ಇವರನ್ನು ಯಾರೂ ದಾರಿ ಕೇಳುವುದಿಲ್ಲ. ಗ್ರಂಥಕರ್ತ ಇದನ್ನು ಪರಿಶಿಷ್ಟಕ್ಕೆ ಹಾಕಬೇಕೆಂದಿದ್ದ.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನ ಭಟ್ಟರು ಸೂತ್ರದ ಇನ್ನೊಂದು ಕಾಲನ್ನೂ ಮುರಿದರು. ಕ್ಯಾತನಮಕ್ಕಿಗೆ ಯಾವ ತಿರುವು, ಎಲ್ಲಿ ಕೆಸರು, ಜೀಪಿಗೆ ಎಷ್ಟು ಕೊಡಬೇಕು ಎಂದು ಗಲ್ಲಾಪೆಟ್ಟಿಗೆಯಿಂದ ಏಳದೆ ಸಾವಿರ ಜನರಿಗೆ ಹೇಳಿದವರು. ಒಂದು ಇನ್ನೋವಾವನ್ನು ಹಾಗೆಯೇ ಸಾಗಹಾಕಿ, ಚಿಲ್ಲರೆ ಎಣಿಸುತ್ತ ಕೇಳಿದರು:

‘ಅಲ್ಲ ಮಾರಾಯ್ರೆ, ನೀವು ಹೋಗಿ ಬಂದವರಲ್ವಾ? ಅಲ್ಲಿ ಅಂಥದ್ದು ಎಂತ ಉಂಟು?’